ನಾಲ್ಕು ವರ್ಷದ ಓದು, ಹದಿನೈದು ವರ್ಷದ ಸಾಲ

ಸಿ.ಇ.ಟಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಬ್ಯಾಂಕಿನವರು ಸಾಲ ಕೊಡುತ್ತೇವೆನ್ನುತ್ತಾರೆ, ತೆಗೆದುಕೊಳ್ಳಬಹುದೇ? ಮಗಳು ಬಿ.ಇ. ಓದುತ್ತೇನೆನ್ನುತ್ತಾಳೆ, ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದರೆ ಸಾಲದೇ? ಅಷ್ಟು ಹಣ ಸುರಿದ ಮೇಲೆ ಕೆಲಸ ಸಿಗುವುದೇ? ಇವು ಕೇವಲ ಶಾಲಾ ಕಾಲೇಜಿನ ಪ್ರಶ್ನೆಗಳಲ್ಲ. ತೋಟದ ಮುಂದಿನ ಹದಿನೈದು ವರ್ಷದ ಲೆಕ್ಕ ಇವುಗಳಲ್ಲಿ ಅಡಗಿದೆ. ಆದುದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಗಳ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ಶಿಕ್ಷಣ ಸಾಲದ ವಿಚಾರವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಮಕ್ಕಳನ್ನು ಓದಿಸಬೇಡಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. 2000ದಿಂದ 2002ರ ಸುಮಾರಿಗೆ ಕಾಫಿ, ಅಡಿಕೆ ಎರಡರ ಬೆಲೆಯೂ ನೆಲ ಕಚ್ಚಿದಾಗ, ಮನೆಯಲ್ಲಿ ಒಂದು ಸಂಬಳವಿದ್ದವರು ತೋಟವನ್ನು ಉಳಿಸಿಕೊಂಡ ಬಗೆ ಎಲ್ಲರಿಗೂ ನೆನಪಿದೆ. ಓದಿನ ಬೆಲೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಸಸಿ ನೆಡುವ ಮೊದಲು ಮಣ್ಣು, ನೀರು, ಫಸಲಿಗೆ ಬೀಳುವ ವರ್ಷ ಇವನ್ನೆಲ್ಲ ವಿಚಾರಿಸುವ ನಾವು, ಅದಕ್ಕಿಂತ ಹೆಚ್ಚಿನ ಹಣ ತೊಡಗಿಸುವ ಪದವಿಯ ವಿಷಯದಲ್ಲಿ ಅಷ್ಟೇ ವಿಚಾರ ಮಾಡುತ್ತಿದ್ದೇವೆಯೇ ಎಂಬುದೇ ಪ್ರಶ್ನೆ.

ಸಾಲ ಬಂದ ಬಗೆ

ಖಾಸಗಿ ವೃತ್ತಿ ಶಿಕ್ಷಣ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮಣಿಪಾಲದ ಖಾಸಗಿ ವೈದ್ಯಕೀಯ ಕಾಲೇಜು 1953ರಲ್ಲಿಯೇ ಆರಂಭವಾಯಿತು. ಮುಂದೆ ಇಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಷನ್ ಎಂಬ ಮಾತು ಮನೆಮಾತಾಯಿತು. ಅದನ್ನು ತಡೆಯಲು ರಾಜ್ಯ ಸರ್ಕಾರ 1984ರಲ್ಲಿ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿಯೂ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟು ಈ ವಿಷಯವಾಗಿ ತೀರ್ಪು ನೀಡಿತು. ಅದರ ಬೆನ್ನಿಗೇ 1994ರಲ್ಲಿ ನಮ್ಮಲ್ಲಿ ಸಿ.ಇ.ಟಿ. ಬಂದಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನ ನಂತರ ಖಾಸಗಿ ಕಾಲೇಜುಗಳಿಗೆ ಶುಲ್ಕದ ವಿಷಯದಲ್ಲಿ ಹೆಚ್ಚಿನ ಸ್ವಾತಂತ್ರ್ಯ ದೊರೆಯಿತು.

ಹೀಗೆ ಓದಿನ ಖರ್ಚು ಸರ್ಕಾರದ ಹೆಗಲಿನಿಂದ ತಂದೆ ತಾಯಿಯರ ಹೆಗಲಿಗೆ ಜಾರುತ್ತಿದ್ದ ಕಾಲದಲ್ಲಿಯೇ ಶಿಕ್ಷಣ ಸಾಲದ ಯೋಜನೆ ಹುಟ್ಟಿತು. ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್.ಜೆ. ಕಾಮತರ ನೇತೃತ್ವದ ಅಧ್ಯಯನ ತಂಡ ವರದಿ ನೀಡಿತು. ಅದರ ಆಧಾರದ ಮೇಲೆ ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆ 2001ರಲ್ಲಿ ಜಾರಿಗೆ ಬಂದಿತು. ಆಗ ದೇಶದೊಳಗಿನ ಓದಿಗೆ ಸಾಲದ ಮಿತಿ ಏಳೂವರೆ ಲಕ್ಷ. ತೀರಿಸುವ ಅವಧಿ ಐದರಿಂದ ಏಳು ವರ್ಷ. ನಂತರ ಮಿತಿಯೂ ಏರಿತು, ಅವಧಿಯೂ ಲಂಬಿಸಿತು. 2015ರ ತಿದ್ದುಪಡಿಯ ಮೇಲೆ ಅವಧಿ ಹದಿನೈದು ವರ್ಷದವರೆಗೂ ಹೋಗಬಹುದು. ಅವಧಿ ಉದ್ದವಾದರೆ ತಿಂಗಳ ಕಂತು ಸಣ್ಣದಾಗಿ ಕಾಣುತ್ತದೆ, ಒಟ್ಟು ತೆರುವ ಹಣ ದೊಡ್ಡದಾಗುತ್ತದೆ. ಮುಂದೆ ಲೆಕ್ಕದಲ್ಲಿ ಇದನ್ನು ತೋರಿಸಿದ್ದೇವೆ.

ಸದಸ್ಯರು ತಿಳಿದಿರಬೇಕಾದ ನಿಯಮಗಳು

ಈ ಸಾಲದಲ್ಲಿ ವಿದ್ಯಾರ್ಥಿಯೊಬ್ಬನೇ ಸಾಲಗಾರನಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಮಾಡುತ್ತಾರೆ. ಮಗ ಕಟ್ಟದಿದ್ದರೆ ಬ್ಯಾಂಕು ಕೇಳುವುದು ಅಪ್ಪನನ್ನು. ಜಾಮೀನಿಗೂ ಜಂಟಿ ಸಾಲಕ್ಕೂ ಇರುವ ಈ ವ್ಯತ್ಯಾಸವನ್ನು ಸಹಿ ಹಾಕುವ ಮೊದಲೇ ತಿಳಿಯಬೇಕು.

ಮಾದರಿ ಯೋಜನೆಯ ಪ್ರಕಾರ 4 ಲಕ್ಷ ರೂಪಾಯಿಯವರೆಗೆ ಅಡಮಾನವಿಲ್ಲ, ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. 4 ಲಕ್ಷ ದಾಟಿದರೆ ದೇಶದೊಳಗಿನ ಓದಿಗೆ ಶೇಕಡಾ 5ರಷ್ಟು ಪಾಲನ್ನು ನಾವು ಹಾಕಬೇಕು. 2015ರಲ್ಲಿ ಕೇಂದ್ರ ಸರ್ಕಾರ ಸಾಲ ಖಾತರಿ ನಿಧಿಯನ್ನು ಏರ್ಪಡಿಸಿದ ಮೇಲೆ ಏಳೂವರೆ ಲಕ್ಷದವರೆಗೆ ಅದರ ಆಶ್ರಯದಲ್ಲಿ ಅಡಮಾನವಿಲ್ಲದೆ ಸಾಲ ಕೊಡಲು ಅವಕಾಶವಾಯಿತು. ಏಳೂವರೆ ಲಕ್ಷ ದಾಟಿದರೆ ಮಾತ್ರ ಆಸ್ತಿಯ ಭದ್ರತೆ ಕೇಳುವುದು ವಾಡಿಕೆ.

ಓದಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಕೆಲವರು ಆ ಐದು ವರ್ಷ ಬಡ್ಡಿಯೂ ಇಲ್ಲವೆಂದು ಭಾವಿಸುತ್ತಾರೆ. ಹಾಗಲ್ಲ. ಹಣ ಬಿಡುಗಡೆಯಾದ ದಿನದಿಂದಲೇ ಸರಳ ಬಡ್ಡಿ ಬೆಳೆಯುತ್ತದೆ. ಕಂತು ಆರಂಭವಾಗುವ ದಿನ ಆ ಬಡ್ಡಿಯೆಲ್ಲ ಅಸಲಿಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ.

ವರ್ಷದ ಕುಟುಂಬ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಇದು ವೃತ್ತಿ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಅನ್ವಯಿಸುತ್ತದೆ. ನಡುವೆ ಓದು ಬಿಟ್ಟರೆ ಸಹಾಯ ತಪ್ಪಿಹೋಗುತ್ತದೆ. ಪದವಿಗೋ ಸ್ನಾತಕೋತ್ತರಕ್ಕೋ ಒಮ್ಮೆ ಮಾತ್ರ ಸಿಗುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿತು. ಅದರಂತೆ ಗುಣಮಟ್ಟದ ಆಧಾರದಲ್ಲಿ ಆಯ್ದ ಸಂಸ್ಥೆಗಳಲ್ಲಿ (ಆರಂಭದಲ್ಲಿ 860) ಓದುವವರಿಗೆ ಅಡಮಾನವೂ ಜಾಮೀನೂ ಇಲ್ಲದ ಸಾಲವಿದೆ. ಆದಾಯ 8 ಲಕ್ಷದೊಳಗಿರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಕಂತು ಆರಂಭವಾಗುವವರೆಗಿನ ಅವಧಿಗೆ, ಶೇಕಡಾ 3ರ ಬಡ್ಡಿ ಸಹಾಯವೂ ಉಂಟು. ಈ ಸಹಾಯಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳೆಂಬ ಮಿತಿಯಿದೆ.

ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಣ್ಣ ಹಿಡುವಳಿಗಳೇ. ಆದ್ದರಿಂದ ಈ ಆದಾಯ ಮಿತಿಯೊಳಗೆ ಬರುವ ಸದಸ್ಯರು ಕಡಿಮೆಯೇನೂ ಇಲ್ಲ. ಹೀಗಿದ್ದೂ ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಸಕಾಲಕ್ಕೆ ಮಾಡಿಸದೆ ಸಹಾಯ ಕಳೆದುಕೊಂಡರೆ ಅದು ನಮ್ಮದೇ ನಷ್ಟ. ನಾಡಕಚೇರಿಗೆ ಹೋಗುವ ಕೆಲಸವನ್ನು ಕೌನ್ಸೆಲಿಂಗ್ ಮುಗಿಯುವವರೆಗೆ ಮುಂದೂಡಬಾರದು.

ಕಾಗದ ಪೆನ್ನು ಹಿಡಿದು ಒಂದು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶುಲ್ಕ, ಹಾಸ್ಟೆಲು, ಪುಸ್ತಕ ಸೇರಿ ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ಸಾಲವೆಂದೂ, ಬಡ್ಡಿ ಶೇಕಡಾ 10 ಎಂದೂ ಇಟ್ಟುಕೊಳ್ಳೋಣ. ಬಡ್ಡಿ ಸಹಾಯ ಇಲ್ಲ.

ಮೊದಲ ವರ್ಷದ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ 1,00,000 ರೂಪಾಯಿ. ಎರಡನೆಯ ವರ್ಷದ್ದಕ್ಕೆ 80,000, ಮೂರನೆಯದಕ್ಕೆ 60,000, ನಾಲ್ಕನೆಯದಕ್ಕೆ 40,000. ಒಟ್ಟು ಬಡ್ಡಿ 2,80,000. ಮೊದಲ ಕಂತು ಕಟ್ಟುವ ದಿನ ಸಾಲ 8 ಲಕ್ಷವಲ್ಲ, 10,80,000 ರೂಪಾಯಿ.

ಇದನ್ನು ಹದಿನೈದು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 11,600. ಒಟ್ಟು ಕಟ್ಟುವುದು ಸುಮಾರು 20 ಲಕ್ಷ 89 ಸಾವಿರ. ಹತ್ತು ವರ್ಷದಲ್ಲಿ ತೀರಿಸಿದರೆ ಕಂತು ಸುಮಾರು 14,270. ಒಟ್ಟು 17 ಲಕ್ಷ 13 ಸಾವಿರ. ಏಳು ವರ್ಷದಲ್ಲಾದರೆ ಕಂತು ಸುಮಾರು 17,930. ಒಟ್ಟು 15 ಲಕ್ಷ 6 ಸಾವಿರ. ಏಳು ವರ್ಷಕ್ಕೂ ಹದಿನೈದು ವರ್ಷಕ್ಕೂ ನಡುವಿನ ಅಂತರ 5 ಲಕ್ಷ 83 ಸಾವಿರ ರೂಪಾಯಿ.

ಈಗ ಇನ್ನೊಂದು ದಾರಿ ನೋಡೋಣ. ಓದುವ ಕಾಲದಲ್ಲಿಯೇ ಆಯಾ ವರ್ಷದ ಬಡ್ಡಿಯನ್ನು ಮನೆಯವರು ಕಟ್ಟುತ್ತ ಬಂದರು ಎನ್ನೋಣ. ಮೊದಲ ವರ್ಷ 20,000, ಎರಡನೆಯ ವರ್ಷ 40,000, ಮೂರನೆಯ ವರ್ಷ 60,000, ಆಮೇಲಿನ ಎರಡು ವರ್ಷ 80,000ದಂತೆ. ಆಗ ಕಂತು ಆರಂಭವಾಗುವ ದಿನ ಸಾಲ 8 ಲಕ್ಷವೇ ಉಳಿದಿರುತ್ತದೆ. ಹದಿನೈದು ವರ್ಷದ ಕಂತು ಸುಮಾರು 8,600. ಮೊದಲು ಕಟ್ಟಿದ ಬಡ್ಡಿಯನ್ನೂ ಸೇರಿಸಿದರೆ ಒಟ್ಟು 18 ಲಕ್ಷ 27 ಸಾವಿರ. ಉಳಿತಾಯ 2 ಲಕ್ಷ 60 ಸಾವಿರಕ್ಕೂ ಮಿಕ್ಕಿ. ಹೀಗೆ ಬಡ್ಡಿ ಕಟ್ಟುವವರಿಗೆ ಆ ಅವಧಿಯಲ್ಲಿ ಶೇಕಡಾ 1ರಷ್ಟು ಬಡ್ಡಿ ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಅದನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯಬೇಕು.

ತೋಟದ ಆದಾಯ ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ

ಸಂಬಳದವರಿಗೆ ಈ ಕಂತಿನ ಪದ್ಧತಿ ಒಗ್ಗುತ್ತದೆ, ನಮಗೆ ಒಗ್ಗುವುದಿಲ್ಲ. ಕಾಫಿಯವರಿಗೆ ಕೊಯ್ಲು ಮುಗಿದು ಮಾರಿದ ಮೇಲೆ ದುಡ್ಡು. ಅಡಿಕೆಯವರಿಗೆ ಸುಲಿದು ಒಣಗಿಸಿ ಮಂಡಿಗೋ ಸಂಘಕ್ಕೋ ಹಾಕಿದ ಮೇಲೆ ದುಡ್ಡು. ಮಳೆಗಾಲದ ನಾಲ್ಕು ತಿಂಗಳಲ್ಲಿ ಹಣ ಹೊರಗೆ ಹೋಗುವುದೇ ಹೊರತು ಒಳಗೆ ಬರುವುದಿಲ್ಲ. ಬೋರ್ಡೋ ದ್ರಾವಣ, ಗೊಬ್ಬರ, ಕಳೆ, ಆಳಿನ ಬಟವಾಡೆ ಎಲ್ಲವೂ ಆಗಲೇ. ಅದೇ ಸಮಯಕ್ಕೆ ಕಾಲೇಜಿನ ಶುಲ್ಕವೂ ಬರುತ್ತದೆ.

ಬೆಳೆ ಸಾಲದ ನಿಯಮ ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕಾಗಿಯೇ ಬೆಳೆ ಸಾಲ ಸುಸ್ತಿಯಾಯಿತೆಂದು ತೀರ್ಮಾನಿಸುವಾಗ ರಿಸರ್ವ್ ಬ್ಯಾಂಕಿನ ನಿಯಮ ಬೆಳೆಯ ಹಂಗಾಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಶಿಕ್ಷಣ ಸಾಲಕ್ಕೆ ಹಂಗಾಮಿಲ್ಲ. ಕಂತು ತಪ್ಪಿ 90 ದಿನ ಕಳೆದರೆ ಅದು ಅನುತ್ಪಾದಕ ಸಾಲದ ಪಟ್ಟಿಗೆ ಸೇರುತ್ತದೆ. ಮಗನ ಹೆಸರೂ ಅಪ್ಪನ ಹೆಸರೂ ಒಟ್ಟಿಗೆ ಸಿಬಿಲ್ ದಾಖಲೆಯಲ್ಲಿ ಕೆಡುತ್ತವೆ. ಮುಂದಿನ ವರ್ಷ ತೋಟಕ್ಕೆ ಸಾಲ ಕೇಳಲು ಹೋದಾಗ ಅದೇ ದಾಖಲೆ ಎದುರಿಗೆ ಬರುತ್ತದೆ.

ಮೇಲಿನ ಉದಾಹರಣೆಯ ಕಂತನ್ನು ಮಗ ಕಟ್ಟಲಾಗದೆ ತೋಟವೇ ಕಟ್ಟಬೇಕಾಗಿ ಬಂದರೆ ಏನಾಗುತ್ತದೆ? ವರ್ಷಕ್ಕೆ ಸುಮಾರು 1,39,000 ರೂಪಾಯಿ ಬೇಕು. ಅಡಿಕೆ ಕ್ವಿಂಟಲಿಗೆ 40,000 ಎಂದು ಹಿಡಿದರೆ ಮೂರೂವರೆ ಕ್ವಿಂಟಲ್ ಅದಕ್ಕೇ ಮೀಸಲು. ಬೆಲೆ 25,000ಕ್ಕೆ ಇಳಿದರೆ ಐದೂವರೆ ಕ್ವಿಂಟಲಿಗೂ ಹೆಚ್ಚು. ಇದು ಕೊಯ್ಲು, ಸುಲಿತದ ಖರ್ಚು ಕಳೆಯುವ ಮೊದಲಿನ ಲೆಕ್ಕ. ಕೊಳೆರೋಗ, ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಬಂದ ತೋಟದ ಮಾತು ಬೇರೆಯೇ.

ಇಲ್ಲಿಯೇ ಒಂದು ಎಚ್ಚರಿಕೆ. 2024ರಲ್ಲಿಯೂ 2025ರ ಆರಂಭದಲ್ಲಿಯೂ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಒಳ್ಳೆಯ ಬೆಲೆಯ ವರ್ಷದಲ್ಲಿ ದೊಡ್ಡ ಶುಲ್ಕ ಹಗುರವಾಗಿ ಕಾಣುತ್ತದೆ. ಆದರೆ ಸಾಲ ಮಾಡುವುದು ಈ ವರ್ಷದ ಬೆಲೆಯಲ್ಲಿ, ತೀರಿಸುವುದು ಆರನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗಿನ ಬೆಲೆಗಳಲ್ಲಿ. ಸಣ್ಣ ಪ್ರಾಯದಿಂದ ತೋಟ ನೋಡಿದವರಾರೂ ಇಪ್ಪತ್ತು ವರ್ಷ ಬೆಲೆ ಒಂದೇ ಸಮ ಇದ್ದುದನ್ನು ಕಂಡಿಲ್ಲ. 2002ರಲ್ಲಿ ಬೆಳೆಗಾರರ ಸಾಲಕ್ಕೆ ವಿಶೇಷ ಕಾಫಿ ಅವಧಿ ಸಾಲವೆಂಬ ಏರ್ಪಾಡು, 2010ರಲ್ಲಿ ಸಾಲ ಪರಿಹಾರ ಯೋಜನೆ ಇವೆಲ್ಲ ಬೇಕಾಗಿ ಬಂದದ್ದು ಬೆಲೆ ಒಂದೇ ಸಮ ಇರದ ಕಾರಣದಿಂದಲೇ.

ಇನ್ನು ಬೆಳೆ ಸಾಲವನ್ನು ಶುಲ್ಕಕ್ಕೆ ಬಳಸುವ ರೂಢಿ. ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಡ್ಡಿಯೇ ಇಲ್ಲದ ಹಣ ಕೈಯಲ್ಲಿರುವಾಗ ಶಿಕ್ಷಣ ಸಾಲವೇಕೆಂದು ಕೆಲವರಿಗೆ ತೋರುವುದು ಸಹಜ. ಆದರೆ ಆ ಹಣ ವರ್ಷದೊಳಗೆ ಮರಳಬೇಕಾದದ್ದು. ಅದನ್ನು ಕಾಲೇಜಿಗೆ ಕೊಟ್ಟರೆ ತೋಟಕ್ಕೆ ಆ ವರ್ಷ ಗೊಬ್ಬರ ಕಡಿಮೆ, ಮುಂದಿನ ವರ್ಷ ಫಸಲು ಕಡಿಮೆ. ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿಯೂ ಇಲ್ಲ. ಆ ಗಡುವಿಗೆ ಹೆದರಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಕೈಸಾಲ ಮಾಡಿದರೆ ಅದು ವರ್ಷಕ್ಕೆ ಶೇಕಡಾ 24 ಆಯಿತು. ಅದರ ಮುಂದೆ ಶಿಕ್ಷಣ ಸಾಲವೇ ಎಷ್ಟೋ ಮೇಲು. ದೀರ್ಘ ಕಾಲದ ಕೆಲಸಕ್ಕೆ ದೀರ್ಘಾವಧಿ ಸಾಲ, ವರ್ಷದ ಕೆಲಸಕ್ಕೆ ವರ್ಷದ ಸಾಲ ಎಂಬುದು ಸಹಕಾರದ ಮೊದಲ ಪಾಠ.

ತೋಟವನ್ನು ಅಡವಿಡುವ ಮಾತು ಬಂದರೆ ಇನ್ನೂ ಹೆಚ್ಚು ಯೋಚಿಸಬೇಕು. ಸರ್ಫೇಸಿ ಕಾಯ್ದೆಯಿಂದ ಕೃಷಿ ಭೂಮಿಯನ್ನು ಹೊರಗಿಟ್ಟಿದ್ದರೂ ಕಾಫಿ ತೋಟಗಳ ಮೇಲೆ ಅದನ್ನು ಪ್ರಯೋಗಿಸಬಾರದೆಂದು ಬೆಳೆಗಾರರು ಹೋರಾಡಬೇಕಾಗಿ ಬಂದಿದೆ. ನಾಲ್ಕು ವರ್ಷದ ಓದಿಗೆ ಮೂರು ತಲೆಮಾರಿನ ತೋಟವನ್ನು ಪಣಕ್ಕಿಡುವ ಸಾಲ ನಮ್ಮ ಅಭಿಪ್ರಾಯದಲ್ಲಿ ಯಾವ ಪದವಿಗೂ ತಕ್ಕದ್ದಲ್ಲ.

ಪದವಿ ಗಳಿಸಿಕೊಡುವುದೆಷ್ಟು?

ನಮ್ಮಲ್ಲಿ ನಾಲ್ಕು ವರ್ಷದ ಪದವಿಯೆಂದರೆ ಮುಖ್ಯವಾಗಿ ಬಿ.ಇ. ಮತ್ತು ಕೃಷಿ, ತೋಟಗಾರಿಕೆ, ಅರಣ್ಯ ವಿಜ್ಞಾನದ ಬಿ.ಎಸ್ಸಿ. 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ಸಾಮಾನ್ಯ ಪದವಿಗೂ ನಾಲ್ಕನೆಯ ವರ್ಷ ಸೇರಿಸಲಾಗಿತ್ತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರುವ ಸಾಮಾನ್ಯ ವಿದ್ಯಾರ್ಥಿಯ ಆರಂಭದ ಸಂಬಳ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ಆಸುಪಾಸಿನಲ್ಲಿಯೇ ಬಹುಕಾಲದಿಂದ ನಿಂತಿದೆ. ಪತ್ರಿಕೆಯಲ್ಲಿ ಬರುವ ಇಪ್ಪತ್ತು ಮೂವತ್ತು ಲಕ್ಷದ ಸಂಬಳ ಬೆರಳೆಣಿಕೆಯವರದು. ಕಾಲೇಜಿನ ಜಾಹೀರಾತಿನಲ್ಲಿ ಅವರ ಫೋಟೋ ಮಾತ್ರ ಇರುತ್ತದೆ. ಕೈಗೆ ಬರುವುದು ತಿಂಗಳಿಗೆ 25,000 ಎಂದು ಹಿಡಿಯೋಣ. 11,600 ಕಂತು ಕಟ್ಟಿದರೆ ಉಳಿಯುವುದು 13,400. ಬೆಂಗಳೂರಿನಲ್ಲಿ ಕೋಣೆ ಬಾಡಿಗೆ, ಊಟ, ಬಸ್ಸು ಇದರಲ್ಲೇ ಆಗಬೇಕು. ಮಗ ಮನೆಗೆ ಹಣ ಕಳಿಸುವ ಬದಲು ಮನೆಯಿಂದಲೇ ಅಕ್ಕಿ, ಕಾಫಿಪುಡಿಯ ಜೊತೆಗೆ ಹಣವನ್ನೂ ಕಳಿಸಬೇಕಾಗುತ್ತದೆ.

ಕೆಲಸ ಸಿಗುವ ಮಾತು ಹೇಗೆ? ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ವರದಿಯ ಪ್ರಕಾರ 2021-22ರಲ್ಲಿ ದೇಶದ 25 ವರ್ಷದೊಳಗಿನ ಪದವೀಧರರಲ್ಲಿ ಕೆಲಸವಿಲ್ಲದವರ ಪ್ರಮಾಣ ಶೇಕಡಾ 42ರಷ್ಟಿತ್ತು. 35 ವರ್ಷ ದಾಟಿದ ಪದವೀಧರರಲ್ಲಿ ಅದು ಶೇಕಡಾ 5ಕ್ಕಿಂತ ಕಡಿಮೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಕೊನೆಗೆ ಒಂದಲ್ಲ ಒಂದು ಕೆಲಸ ಹೆಚ್ಚಿನವರಿಗೆ ಸಿಗುತ್ತದೆ. ಆದರೆ ಅದಕ್ಕೆ ಕಾಯಬೇಕಾದ ವರ್ಷಗಳು ಹಲವು, ಮತ್ತು ಸಿಗುವ ಕೆಲಸ ಓದಿಗೆ ತಕ್ಕದ್ದೇ ಆಗಿರಬೇಕೆಂದೇನೂ ಇಲ್ಲ. ಸಾಲವಿಲ್ಲದವನು ಕಾಯಬಲ್ಲ, ಇನ್ನೊಂದು ಪರೀಕ್ಷೆ ಬರೆಯಬಲ್ಲ, ಇನ್ನೊಂದು ವಿದ್ಯೆ ಕಲಿಯಬಲ್ಲ. ಸಾಲವಿದ್ದವನಿಗೆ ಓದು ಮುಗಿದ ಹದಿಮೂರನೆಯ ತಿಂಗಳಿಗೆ ಕಂತಿನ ಕರೆ ಬರುತ್ತದೆ. ಅವನು ಸಿಕ್ಕಿದ ಕೆಲಸಕ್ಕೆ ಸಿಕ್ಕಿದ ಸಂಬಳಕ್ಕೆ ಸೇರುತ್ತಾನೆ. ಶಿಕ್ಷಣ ಸಾಲದ ನಿಜವಾದ ತೊಂದರೆ ಇದು. ಅದು ಹಣವನ್ನಷ್ಟೇ ಅಲ್ಲ, ಕಾಯುವ ಶಕ್ತಿಯನ್ನೂ ಕಸಿದುಕೊಳ್ಳುತ್ತದೆ.

ಇದರ ಜೊತೆಗೆ 2024-25ರಿಂದ ಸಾಧನೆ ಚೆನ್ನಾಗಿರುವ ಕಾಲೇಜುಗಳಿಗೆ ಸೀಟು ಹೆಚ್ಚಿಸಿಕೊಳ್ಳಲು ಇದ್ದ ಮಿತಿಯನ್ನು ತಾಂತ್ರಿಕ ಶಿಕ್ಷಣ ಪರಿಷತ್ತು ತೆಗೆದಿದೆ. ಕಂಪ್ಯೂಟರ್ ವಿಭಾಗದ ಸೀಟುಗಳು ಏರುತ್ತಿವೆ. ಎಲ್ಲರೂ ಒಂದೇ ವರ್ಷ ಒಂದೇ ಬೆಳೆ ಹಾಕಿದರೆ ಬೆಲೆ ಏನಾಗುತ್ತದೆಂದು, ಶುಂಠಿ, ವೆನಿಲ್ಲಾ ಕಂಡ ನಮಗೆ ಯಾರೂ ಹೇಳಬೇಕಾಗಿಲ್ಲ.

ಹಾಗಾದರೆ ಸಾಲ ಎಷ್ಟಕ್ಕೆ ನಿಲ್ಲಬೇಕು? ನಮ್ಮ ಅಭಿಪ್ರಾಯದಲ್ಲಿ ಕಂತು ಆರಂಭದ ಸಂಬಳದ ಕಾಲು ಭಾಗವನ್ನು ಮೀರಬಾರದು. 25,000 ಸಂಬಳಕ್ಕೆ ಅದು 6,250. ಲೆಕ್ಕ ಹಿಮ್ಮುಖವಾಗಿ ಮಾಡಿದರೆ, ವರ್ಷಕ್ಕೆ 1 ಲಕ್ಷದಂತೆ ಒಟ್ಟು 4 ಲಕ್ಷ ಸಾಲಕ್ಕೆ ಬಡ್ಡಿ ಸೇರಿ 5,40,000 ಆಗಿ, ಹದಿನೈದು ವರ್ಷದ ಕಂತು ಸುಮಾರು 5,800 ಬೀಳುತ್ತದೆ. ಅಡಮಾನವೂ ಇಲ್ಲದ, ಕೈಪಾಲೂ ಇಲ್ಲದ 4 ಲಕ್ಷದ ಗೆರೆಯೂ ಇದೇ. ಸಾಮಾನ್ಯ ಕಾಲೇಜಿನ ಸಾಮಾನ್ಯ ಪದವಿಗೆ ಇಷ್ಟು ಸಾಲ ತಾಳಿಕೆಯದು. ಉತ್ತಮ ಹೆಸರಿನ ಕಾಲೇಜಿನಲ್ಲಿ ಮೆರಿಟ್ ಸೀಟು ಸಿಕ್ಕಿ, ಅಲ್ಲಿಂದ ಹೊರಬಂದವರು ನಿಜಕ್ಕೂ ಹೆಚ್ಚು ಗಳಿಸುತ್ತಿದ್ದಾರೆಂದು ಖಚಿತವಾದರೆ ಅದಕ್ಕೆ ತಕ್ಕಂತೆ ಮುಂದೆ ಹೋಗಬಹುದು. ವಿಚಾರಿಸಬೇಕಾದದ್ದು ಕಾಲೇಜಿನ ಕಚೇರಿಯಲ್ಲಲ್ಲ. ಎರಡು ವರ್ಷದ ಹಿಂದೆ ಅದೇ ವಿಭಾಗದಲ್ಲಿ ಮುಗಿಸಿದ ನಾಲ್ಕಾರು ಮಕ್ಕಳನ್ನು ಕೇಳಬೇಕು. ಮೊದಲ ಮೂವರ ಸಂಬಳವನ್ನಲ್ಲ, ತರಗತಿಯ ನಡುವಿನವರ ಸಂಬಳವನ್ನು ಕೇಳಬೇಕು.

ಸಾಲ ಕಡಿಮೆ ಮಾಡುವ ದಾರಿಗಳು

ಇಂಜಿನಿಯರಿಂಗ್ ಓದಲೇಬೇಕೆನ್ನುವವರಿಗೆ ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವ ದಾರಿಯಿದೆ. ಡಿಪ್ಲೊಮಾಕ್ಕೆ ಕೆಲಸ ಸಿಕ್ಕಿದರೆ ಅಲ್ಲಿಯೇ ನಿಲ್ಲಬಹುದು. ಮುಂದೆ ಓದಿದರೂ ದುಬಾರಿಯ ಒಂದು ವರ್ಷ ಉಳಿಯಿತು. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಶೇಕಡಾ 5 ಹೆಚ್ಚುವರಿ ಸೀಟುಗಳಿವೆ. ನಮ್ಮಲ್ಲಿ ಇದನ್ನು ಸೂಪರ್ ನ್ಯೂಮರರಿ ಕೋಟಾ ಎನ್ನುತ್ತಾರೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ 'ಅರಿವು' ಸಾಲಕ್ಕೆ ದರ ಶೇಕಡಾ 2 ಮಾತ್ರ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ಓದಿಗೆ ತಕ್ಕಂತೆ ವರ್ಷಕ್ಕೆ 2,500ರಿಂದ 11,000 ರೂಪಾಯಿಯವರೆಗೆ ವಿದ್ಯಾರ್ಥಿವೇತನ ಗೊತ್ತುಮಾಡಲಾಗಿತ್ತು. ಈ ಸಾಲಿನ ಅರ್ಜಿಯ ವಿವರವನ್ನು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿರಿ.

ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳೂ ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇವೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ನಮ್ಮ ಮನೆ ಬಾಗಿಲಿನಲ್ಲಿಯೇ ಇವೆ. ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಒಂದೇ ವರ್ಷದ್ದು. ಬ್ಯಾಂಕ್ ಅಧಿಕಾರಿ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮೂರು ವರ್ಷದ ಬಿ.ಕಾಂ. ಆದರೂ ಆದೀತು. ಮನೆಯಿಂದ ಬಸ್ಸಿನಲ್ಲಿ ಹೋಗಿಬಂದು ಸಾಲವಿಲ್ಲದೆ ಪದವಿ ಪಡೆದು, ಎರಡು ವರ್ಷ ಪರೀಕ್ಷೆಗೆ ತಯಾರಾಗುವ ಹುಡುಗಿ, 8 ಲಕ್ಷ ಸಾಲದ ಬಿ.ಇ. ಹುಡುಗನಿಗಿಂತ ಹಿಂದೆ ಬಿದ್ದಳೆಂದು ತಿಳಿಯಬೇಕಾಗಿಲ್ಲ.

ಹುಡುಗಿಯರ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಮಗನ ಓದಿಗೆ ಸಾಲ, ಮಗಳ ಮದುವೆಗೆ ಉಳಿತಾಯ ಎಂಬ ಲೆಕ್ಕ ಇನ್ನೂ ಕೆಲವು ಮನೆಗಳಲ್ಲಿ ನಡೆಯುತ್ತಿದೆ. ಮದುವೆಗೆಂದು ಕೂಡಿಟ್ಟ ಹಣದಲ್ಲಿ ಮಗಳನ್ನು ಓದಿಸಿದರೆ ಅವಳಿಗೆ ಸಾಲವೇ ಬೇಕಾಗದಿರಬಹುದು.

ಸಾಲ ಮಾಡುವುದಾದರೆ

ಎಲ್ಲ ಯೋಚಿಸಿಯೂ ಸಾಲ ಬೇಕೆಂದು ನಿರ್ಧರಿಸಿದವರು ಈ ಕೆಲವು ಅಂಶಗಳನ್ನು ಪಾಲಿಸುವುದು ಒಳ್ಳೆಯದು.

ಒಂದು, ಸರ್ಕಾರದ ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಅರ್ಜಿ ಹಾಕಿ ಎರಡು ಮೂರು ಬ್ಯಾಂಕುಗಳ ದರವನ್ನು ಹೋಲಿಸಬೇಕು. ಶೇಕಡಾ ಒಂದರ ವ್ಯತ್ಯಾಸವೂ ಹದಿನೈದು ವರ್ಷದಲ್ಲಿ ಸಣ್ಣದಲ್ಲ. ಅರ್ಜಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು.

ಎರಡು, ಮ್ಯಾನೇಜ್‌ಮೆಂಟ್ ಸೀಟಾದರೆ ಸಾಲವೂ ಬಡ್ಡಿ ಸಹಾಯವೂ ಅದಕ್ಕೆ ಅನ್ವಯಿಸುವುದೇ ಎಂದು ಶುಲ್ಕ ಕಟ್ಟುವ ಮೊದಲೇ ತಿಳಿಯಬೇಕು. ರಸೀದಿ ಇಲ್ಲದ ಹಣಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ; ಅದು ಕೈಸಾಲವೇ ಆಗುತ್ತದೆ.

ಮೂರು, ಓದುವ ವರ್ಷಗಳಲ್ಲಿ ಕಾಫಿ ಅಥವಾ ಅಡಿಕೆ ಮಾರಿದ ಕೂಡಲೇ ಆ ವರ್ಷದ ಬಡ್ಡಿಯನ್ನು ಒಟ್ಟಿಗೆ ಕಟ್ಟಿಬಿಡಬೇಕು. ನಂತರವೂ ಒಳ್ಳೆಯ ಫಸಲಿನ ವರ್ಷ ಅಸಲಿಗೆ ಒಂದಿಷ್ಟು ಹೆಚ್ಚಿಗೆ ಕಟ್ಟಬೇಕು. ಬದಲಾಗುವ ಬಡ್ಡಿ ದರದ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡವಿಲ್ಲ. ವರ್ಷಕ್ಕೊಮ್ಮೆ ಹಣ ಬರುವ ನಮಗೆ ಈ ಸೌಲಭ್ಯ ಹೇಳಿ ಮಾಡಿಸಿದಂತಿದೆ. ಹದಿನೈದು ವರ್ಷದ ಸಣ್ಣ ಕಂತು ಬರೆಸಿ, ಒಳ್ಳೆಯ ವರ್ಷಗಳಲ್ಲಿ ಹೆಚ್ಚು ಕಟ್ಟಿ ಎಂಟು ಹತ್ತು ವರ್ಷಕ್ಕೆ ಮುಗಿಸುವುದು ಜಾಣತನ.

ನಾಲ್ಕು, ಕೆಲಸ ಸಿಗದಿದ್ದರೆ ಅಥವಾ ಹೋದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಬೇಕು. ಸಾಲದ ಅವಧಿಯಲ್ಲಿ ಎರಡು ಮೂರು ಸಲ ಬಿಡುವು ಕೊಡಲು ಮಾದರಿ ಯೋಜನೆಯಲ್ಲಿಯೇ ಅವಕಾಶವಿದೆ. ಮೂರು ಕಂತು ತಪ್ಪಿದ ಮೇಲೆ ಹೋದರೆ ಅದೇ ಮಾತನ್ನು ಅಂಗಲಾಚಿ ಕೇಳಬೇಕಾಗುತ್ತದೆ.

ಐದು, ಮಗನೋ ಮಗಳೋ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ, ಕಟ್ಟಿದ ಬಡ್ಡಿಗೆ ಎಂಟು ವರ್ಷಗಳವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಇಲ್ಲ.

ಆರನೆಯದು ಎಲ್ಲಕ್ಕಿಂತ ಮುಖ್ಯ. ಈ ಲೆಕ್ಕವನ್ನು ಮಕ್ಕಳ ಎದುರೇ ಮಾಡಬೇಕು. ಹದಿನೇಳು ಹದಿನೆಂಟು ವರ್ಷದವರಿಗೆ ತೋಟದ ಜಮಾ ಖರ್ಚು ಅರ್ಥವಾಗದೆ ಇರುವುದಿಲ್ಲ. ಸಂಕಟವನ್ನು ಮುಚ್ಚಿಟ್ಟು ಓದಿಸಿದರೆ ಸಾಲದ ಗಾತ್ರ ಅವರಿಗೆ ಗೊತ್ತಾಗುವುದು ಮೊದಲ ಕಂತಿನ ದಿನವೇ. ಮೊದಲೇ ಕೂರಿಸಿ ತೋರಿಸಿದರೆ ಎಷ್ಟೋ ಮಕ್ಕಳು ತಾವಾಗಿಯೇ ಕಡಿಮೆ ಖರ್ಚಿನ ದಾರಿ ಹುಡುಕಿಯಾರು. ಸಾಲ ಮಾಡಿದರೂ ಅದು ತಮ್ಮದೆಂದು ತಿಳಿದು ಓದಿಯಾರು.

ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಕಾಯುವ ನಮಗೆ ಓದಿನ ಫಲಕ್ಕೆ ಕಾಯುವುದು ಕಷ್ಟವಲ್ಲ. ಆ ಕಾಯುವ ಕಾಲದಲ್ಲಿ ಸಾಲ ನಮ್ಮನ್ನು ದೂಡದಂತೆ ನೋಡಿಕೊಂಡರೆ ಸಾಕು. ಶಿಕ್ಷಣ ಸಾಲ ಪಡೆದು ತೀರಿಸಿದ, ಇಲ್ಲವೇ ತೀರಿಸುತ್ತಿರುವ ಸದಸ್ಯರು ತಮ್ಮ ಅನುಭವವನ್ನು ಅಂಕಿ ಅಂಶ ಸಹಿತ ಬರೆದು ಕಳಿಸಿದರೆ, ಹೆಸರು ಹಾಕದೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಈ ವರ್ಷ ಸಹಿ ಹಾಕಲಿರುವವರಿಗೆ ಅದರಿಂದ ಉಪಕಾರವಾಗುತ್ತದೆ.